ಬಿಳಿ ಐದು

ಆರ್ಮಿಟೇಜ್ ಅಂದ: ಒಂದು ವಾರ ಇಟ್ಟುಕೊಳ್ಳಿ, ಕೇಳಿ ನೋಡಿ,
ಬೇಡವಾದರೆ ತನ್ನಿ. ದುಡ್ಡಿನ ಮಾತು ಆಮೇಲೆ.
ಇಪ್ಪತ್ತೆರಡು ಕಿಲೋ. ಹಡರ್ಸ್‌ಫೀಲ್ಡಿನ ಏರು ಬೀದಿಯಲ್ಲಿ
ಅದನ್ನು ಎದೆಗವಚಿ ತಂದವನು ವಿರೂಪಾಕ್ಷ,
ಬಸ್ಸಿನ ಸ್ಟೀರಿಂಗಿಗೆ ಸವೆದ ಕೈಯವನು.
ದಾರಿಯಲ್ಲಿ ಎರಡು ಕಡೆ ಗೋಡೆಗೆ ಆನಿಸಿ ನಿಂತ.
"ಒಳಗ ಏನೈತಿ, ಬೀಸೂ ಕಲ್ಲೇನು?"

ನಾಲ್ಕು ವಾಲ್ವು. ಗಾಜಿನ ಹೊಟ್ಟೆ, ನೆತ್ತಿಗೆ ಬೆಳ್ಳಿ ಕಲೆ.
ಸ್ವಿಚ್ ಹಾಕಿದರೆ ಏನೂ ಇಲ್ಲ.
ಆಮೇಲೆ ಬೀಡಿಯ ತುದಿಯಷ್ಟು ಕೆಂಪು.
ಹಾಡುವುದಕ್ಕೆ ಇನ್ನೂ ಹೊತ್ತಿದೆ, ಚಹಾಕ್ಕಿಡು ಅಂದಿತು ಕೈಪಿಡಿ.
ಚಹಾ ಅನ್ನಲಿಲ್ಲ, ಇಪ್ಪತ್ತು ನಿಮಿಷ ಅಂದಿತ್ತು.
ಈ ಊರಲ್ಲಿ ಅದರ ಅರ್ಥ ಅದೇ.

ನಾನು ಕಿವಿಯವಳು. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ
ಹತ್ತಿ ತುರುಕಿದಂಥ ಮೌನದ ಪೆಟ್ಟಿಗೆಯೊಳಗೆ ಜನರನ್ನು ಕೂರಿಸಿ
ಕೇಳಿಸಿದಾಗ ಗುಂಡಿ ಒತ್ತಿ ಅನ್ನುವವಳು.
ಎಷ್ಟೋ ಮಂದಿ ಕೇಳಿಸದಿದ್ದರೂ ಒತ್ತುತ್ತಾರೆ,
ಮರ್ಯಾದೆಗೆ.
ಕಳೆದ ಚಳಿಗಾಲ ಪೆಟ್ಟಿಗೆಯೊಳಗೆ ನಾನೇ ಕೂತೆ.
ಎಡಗಿವಿ. ನಾಲ್ಕು ಸಾವಿರದ ಆಚೆ ಗೆರೆ
ಹಾಳು ಬಾವಿಯ ಮೆಟ್ಟಿಲಂತೆ ಇಳಿದಿತ್ತು.
ಗ್ರಾಫನ್ನು ಮಡಚಿ ಪರ್ಸಿನಲ್ಲಿಟ್ಟೆ. ಯಾರಿಗೂ ಹೇಳಿಲ್ಲ.
ಇಂಥವಳು ಸ್ವರದ ಬಿಸುಪು, ಸ್ವರದ ಮೈ ಅಂತ
ಆರ್ಮಿಟೇಜ್ ಹೇಳುವುದನ್ನೆಲ್ಲ ತೂಗುವುದು ಹೇಗೆ?

ಮೊದಲ ರಾತ್ರಿ ವಿರೂಪಾಕ್ಷ ನನ್ನ ಕಣ್ಣಿಗೆ ಟವೆಲ್ ಕಟ್ಟಿದ.
ಹಳೆಯದು, ಹೊಸದು, ಮತ್ತೆ ಹಳೆಯದು, ತಂತಿ ಕಿತ್ತು ಕಿತ್ತು ಹಾಕಿದ.
ಇದೇ, ಅಂದೆ. ಇದರಲ್ಲಿ ಸಾರಂಗಿಯವನು ನಮ್ಮ ಚಾಪೆಯ ಮೇಲೇ ಕೂತಿದ್ದಾನೆ.
ನಕ್ಕ. ಅದು ನಮ್ಮ ಹಳೆಯದೇ,
ಹದಿನೆಂಟು ವರ್ಷದ ಕೆಳಗೆ ಚರ್ಚಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡದ್ದು.
"ಫರಕ್ ಇಲ್ಲಂತ ಬರಕೊಡ್ಲೇನು?"
ಬೇಡ ಅಂದೆ. ಮಾರ್ಚ್ ಬಂದರೂ ಚಳಿ ಬಿಟ್ಟಿರಲಿಲ್ಲ.
ಹೀಟರ್ ಆರಿಸಿ, ಅದರ ಬಿಸಿಗೇ ಕೈಚಾಚಿ ಕೂತೆವು.

ಮೂರನೇ ದಿನ ಅದು ಗುನುಗತೊಡಗಿತು.
ಹಾಡಿಲ್ಲದಾಗಲೂ ಒಂದು ಗುಂಯ್,
ನನ್ನ ಎಡಗಿವಿಗೂ ಧಾರಾಳವಾಗಿ ಸಿಗುವಷ್ಟು ಕೆಳಗಿನದು.
ಹಾರ್ಮೋನಿಯಮ್ಮಿನ ಮೇಲೆ ಬೆರಳಿಟ್ಟು ಹುಡುಕಿದೆ.
ಬಿಳಿ ಐದು. ಕೂದಲೆಳೆ ಮೇಲೆ.
ಗೋಡೆಯೊಳಗಿನ ಕರೆಂಟು, ಸೆಕೆಂಡಿಗೆ ಐವತ್ತು ಸಲ.
ಇಲ್ಲೂ ಗದಗಿನಲ್ಲೂ ಅದೇ ಲೆಕ್ಕ.
ಭಾಷಣಕ್ಕೆ ಮೊದಲು ಅಲ್ಲಿಯ ಮೈಕ್‌ಸೆಟ್ಟು
ಹೀಗೇ ಗಂಟಲು ಸರಿಮಾಡಿಕೊಳ್ಳುತ್ತಿತ್ತು.

ಕಪ್ಪು ಒಂದರಲ್ಲಿ ಹಾಡುವವನ ತಟ್ಟೆ ಹಾಕಿದೆ.
ಅಯ್ಯೋ, ಅವನ ಷಡ್ಜದ ಕೆಳಗೆ ಕರೆಯದ ತೀವ್ರ ಮಧ್ಯಮ
ಮುನಿದ ಬೀಗರ ಹಾಗೆ ಬಂದು ಕೂತದ್ದು
ಕೊನೆಯವರೆಗೂ ಏಳಲಿಲ್ಲ.
ತೆಗೆದು, ಬಿಳಿ ಒಂದರ ಮುದುಕನದನ್ನು ಹಾಕಿದೆ.
ತಂಬೂರಿಯ ಪಂಚಮಕ್ಕೆ ಯಾರೋ ಬೆನ್ನು ಕೊಟ್ಟಂತಾಯಿತು.
ಮುದುಕ ಉಸಿರು ಸಾಲದೆ ನಿಲ್ಲುವಲ್ಲಿ
ಅದು ನಿಲ್ಲಲಿಲ್ಲ, ಹಿಡಿದುಕೊಂಡೇ ಇತ್ತು.
ಎರಡೂ ಬದಿ ಮುಗಿದವು. ವಿರೂಪಾಕ್ಷ ಎದ್ದಿಲ್ಲ,
ನಸುಕಿನ ಮೊದಲ ಬಸ್ಸು ಅವನದೇ ಆದರೂ.
ಗೋಡೆಯಾಚೆಯಿಂದ ಡೊರೀನ್ ಬಡಿದಳು.
ಆರಿಸಿದೆ. ಮತ್ತೆ ಬಡಿದಳು.
ಎರಡನೆಯದು ಯಾತಕ್ಕೆಂದು ಕೇಳುವ ಧೈರ್ಯವಾಗಲಿಲ್ಲ.

ಶನಿವಾರ ಮತ್ತೆ ಹೊತ್ತು ಇಳಿದೆವು. ಆರ್ಮಿಟೇಜ್
ಬಾಯಲ್ಲಿ ಟಾರ್ಚು ಕಚ್ಚಿ ಅಡಿಯ ತಗಡು ಬಿಚ್ಚಿದ.
ಕೆಪಾಸಿಟರ್ ಒಂದು ಸತ್ತಿದೆ, ತಪ್ಪು ನನ್ನದು, ಅಂದ.
ಬೇಡ, ಇರಲಿ ಬಿಡಿ, ಅನ್ನುವಷ್ಟರಲ್ಲಿ
ಬೆಸುಗೆಯ ಹೊಗೆ ಎದ್ದಿತ್ತು. ಹಣ ಕೊಟ್ಟೆ.

ಈಗ ಅದು ಒಂದಿಷ್ಟೂ ಗುನುಗುವುದಿಲ್ಲ.
ಬಂದವರು ಆಹಾ ಅನ್ನುತ್ತಾರೆ, ಎಂಥ ಬಿಸುಪು ಅನ್ನುತ್ತಾರೆ.
ಹಳೆಯದಕ್ಕೂ ಇದಕ್ಕೂ ಏನು ಫರಕೋ ನನಗಿನ್ನೂ ಸಿಕ್ಕಿಲ್ಲ.
ಗುಂಡಿ ಒತ್ತುತ್ತೇನೆ, ಮರ್ಯಾದೆಗೆ.

ಮುದುಕನ ತಟ್ಟೆ ಹಾಕುವ ರಾತ್ರಿ ಮಾತ್ರ
ಅಡುಗೆಮನೆಯ ಬಾಗಿಲು ತೆರೆದಿಡುತ್ತೇನೆ.
ಫ್ರಿಜ್ಜು ಇದೆಯಲ್ಲ.